ಓವರ್‌ರೈಡ್ ಮತದಾನ: ಮ್ಯಾಸಚೂಸೆಟ್ಸ್ ಪಟ್ಟಣಗಳ ತೆರಿಗೆ ಮಿತಿ ಮತ್ತು ಬಜೆಟ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಯಾವುದೇ ಪಟ್ಟಣ ಕಾನೂನು ವಿಧಿಸಿದ ಮಿತಿಯನ್ನು ಮೀರಿ ಆಸ್ತಿ ತೆರಿಗೆ ಸಂಗ್ರಹಿಸಬೇಕಾದರೆ ಮೊದಲು ಅಲ್ಲಿನ ಮತದಾರರ ಒಪ್ಪಿಗೆ ಪಡೆಯಬೇಕು. ಈ ಒಪ್ಪಿಗೆಗಾಗಿ ನಡೆಯುವ ಮತದಾನಕ್ಕೆ ಓವರ್‌ರೈಡ್ ಎಂದು ಹೆಸರು. ರಾಜ್ಯದಲ್ಲಿ 351 ನಗರ ಹಾಗೂ ಪಟ್ಟಣಗಳಿವೆ. ಕೌಂಟಿ ಆಡಳಿತ ಇಲ್ಲಿ ದುರ್ಬಲವಾಗಿರುವುದರಿಂದ ಶಾಲೆ, ಪೊಲೀಸ್, ಅಗ್ನಿಶಾಮಕ ದಳ, ಗ್ರಂಥಾಲಯ, ರಸ್ತೆ ದುರಸ್ತಿ, ಚಳಿಗಾಲದಲ್ಲಿ ಹಿಮ ತೆರವು ಮುಂತಾದ ದಿನನಿತ್ಯದ ಸೇವೆಗಳೆಲ್ಲ ಈ ಸ್ಥಳೀಯ ಸಂಸ್ಥೆಗಳ ಹೆಗಲ ಮೇಲಿವೆ. ಆದಾಯ ತೆರಿಗೆ ಹಾಕುವ ಅಧಿಕಾರವಾಗಲಿ, ಸಾಮಾನ್ಯ ಮಾರಾಟ ತೆರಿಗೆ ಹಾಕುವ ಅಧಿಕಾರವಾಗಲಿ ಅವುಗಳಿಗಿಲ್ಲ. ಹಾಗಾಗಿ ಮನೆ, ಜಮೀನು, ಅಂಗಡಿಗಳ ಮೇಲಿನ ತೆರಿಗೆಯೇ ಬಹುತೇಕ ಪಟ್ಟಣಗಳ ಮುಖ್ಯ ಆದಾಯ. ತೆರಿಗೆ ಕೊಡುವವನನ್ನೇ ಕೇಳಿ ತೆರಿಗೆ ಏರಿಸುವ ಈ ಪದ್ಧತಿಯನ್ನು ನೇರ ಪ್ರಜಾಪ್ರಭುತ್ವದ ಉತ್ತಮ ಮಾದರಿಯೆಂದು ಹೊಗಳುವವರಿದ್ದಾರೆ, ಊರಿನ ಸೇವೆಗಳ ಕತ್ತು ಹಿಸುಕುವ ಹಗ್ಗವೆಂದು ದೂರುವವರೂ ಇದ್ದಾರೆ. ನಾಲ್ಕು ದಶಕಗಳ ಅನುಭವವನ್ನು ಒಟ್ಟಾಗಿ ನೋಡಿದರೆ ಪದ್ಧತಿಯ ಎರಡು ಅಂಶಗಳನ್ನು ಬೇರೆಬೇರೆಯಾಗಿ ತೂಗಬೇಕೆಂಬುದು ಸ್ಪಷ್ಟವಾಗುತ್ತದೆ. ಜನರ ಒಪ್ಪಿಗೆ ಕೇಳಬೇಕೆಂಬ ನಿಯಮ ಸಮರ್ಥನೀಯ. ಆದರೆ ಬೆಲೆಯೇರಿಕೆಗೂ ವೆಚ್ಚಕ್ಕೂ ಸಂಬಂಧವಿಲ್ಲದ ಒಂದು ಸ್ಥಿರ ಅಂಕಿಗೆ ಆ ನಿಯಮವನ್ನು ಕಟ್ಟಿಹಾಕಿದ್ದು ಸಮರ್ಥನೀಯವಲ್ಲ.

1970ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಆಸ್ತಿ ತೆರಿಗೆ ಇಡೀ ದೇಶದಲ್ಲೇ ಭಾರವಾದ ತೆರಿಗೆಗಳಲ್ಲೊಂದಾಗಿತ್ತು. ರಾಜ್ಯಕ್ಕೆ ‘ಟ್ಯಾಕ್ಸಚೂಸೆಟ್ಸ್’ ಎಂಬ ಅಡ್ಡಹೆಸರೂ ಅಂಟಿಕೊಂಡಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 13 ಎಂಬ ಜನಮತ ನಿರ್ಣಯದ ಮೂಲಕ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಇಳಿಸಿದ ಮೇಲೆ ತೆರಿಗೆ ವಿರೋಧಿ ಚಳವಳಿ ಇಲ್ಲಿಯೂ ಬಲಗೊಂಡಿತು. ಬಾರ್ಬರಾ ಆಂಡರ್ಸನ್ ಮುಂದಾಳತ್ವದ ‘ಸಿಟಿಜನ್ಸ್ ಫಾರ್ ಲಿಮಿಟೆಡ್ ಟ್ಯಾಕ್ಸೇಷನ್’ ಸಂಘಟನೆ ಮುಂದಿಟ್ಟ ಪ್ರಪೊಸಿಷನ್ 2½ 1980ರ ನವೆಂಬರ್ 4ರಂದು ಮತಕ್ಕೆ ಬಂತು. ರೊನಾಲ್ಡ್ ರೇಗನ್ ಅಧ್ಯಕ್ಷರಾಗಿ ಆರಿಸಿ ಬಂದದ್ದೂ ಅದೇ ದಿನ. ಸುಮಾರು ಶೇ 59ರಷ್ಟು ಮತದಾರರು ಅದನ್ನು ಬೆಂಬಲಿಸಿದರು. ಕಾಯ್ದೆ ಆಸ್ತಿ ತೆರಿಗೆಯನ್ನಷ್ಟೇ ಮುಟ್ಟಿ ಬಿಡಲಿಲ್ಲ. ವಾಹನಗಳ ಮೇಲಿನ ತೆರಿಗೆ ಮೌಲ್ಯದ ಪ್ರತಿ 1000 ಡಾಲರಿಗೆ 66 ಡಾಲರ್ ಇದ್ದದ್ದು 25ಕ್ಕೆ ಇಳಿಯಿತು. ಶಾಲಾ ಸಮಿತಿ ಕೇಳಿದಷ್ಟು ಹಣವನ್ನು ಪಟ್ಟಣ ಕೊಡಲೇಬೇಕೆಂಬ ಹಳೆಯ ಕಟ್ಟಳೆ ರದ್ದಾಯಿತು. ತೆರಿಗೆ ಮಿತಿ ಮೀರಿದ್ದ ಊರುಗಳು ಮಿತಿಯೊಳಗೆ ಬರುವವರೆಗೆ ವರ್ಷಕ್ಕೆ ಶೇ 15ರಂತೆ ತೆರಿಗೆ ಇಳಿಸಬೇಕಾಯಿತು. 1980ರಲ್ಲಿ ಅಮೆರಿಕದ ಹಣದುಬ್ಬರ ಶೇ 13ನ್ನು ದಾಟಿತ್ತು. ಅಂದರೆ ಕಾಯ್ದೆಗೆ ಹೆಸರು ಕೊಟ್ಟ ಎರಡೂವರೆ ಎಂಬ ಅಂಕಿ ಅಂದಿನ ಬೆಲೆಯೇರಿಕೆಗೂ ಹೊಂದುತ್ತಿರಲಿಲ್ಲ.

ಕಾಯ್ದೆ ಎರಡು ಗೆರೆಗಳನ್ನು ಎಳೆಯುತ್ತದೆ. ಒಂದು, ಊರಿನ ಒಟ್ಟು ಆಸ್ತಿ ತೆರಿಗೆ ಅಲ್ಲಿನ ಎಲ್ಲ ಆಸ್ತಿಗಳ ಒಟ್ಟು ಮಾರುಕಟ್ಟೆ ಮೌಲ್ಯದ ಶೇ 2.5ನ್ನು ಮೀರುವಂತಿಲ್ಲ. ಇದು ಪರಮಾವಧಿ, ಇದನ್ನು ದಾಟಲು ಓವರ್‌ರೈಡ್ ಕೂಡ ಸಾಲದು. ಇನ್ನೊಂದು, ತೆರಿಗೆಯ ವಾರ್ಷಿಕ ಮಿತಿ ಹಿಂದಿನ ವರ್ಷದ ಮಿತಿಗಿಂತ ಶೇ 2.5ರಷ್ಟು ಮಾತ್ರ ಏರಬಹುದು. ಹೊಸ ಕಟ್ಟಡ, ಹೊಸ ಬಡಾವಣೆಗಳಿಂದ ಬರುವ ತೆರಿಗೆಯನ್ನು ಇದರ ಮೇಲೆ ಸೇರಿಸಿಕೊಳ್ಳಬಹುದು. ಉದಾಹರಣೆಗೆ, ಈ ವರ್ಷದ ಮಿತಿ 4 ಕೋಟಿ ಡಾಲರ್ ಇರುವ ಊರಿಗೆ ಮುಂದಿನ ವರ್ಷ ತಾನಾಗಿ ದೊರೆಯುವ ಹೆಚ್ಚಳ 10 ಲಕ್ಷ ಡಾಲರ್. ಹೊಸ ಕಟ್ಟಡಗಳಿಂದ 4 ಲಕ್ಷ ಬಂದರೆ ಹೊಸ ಮಿತಿ 4 ಕೋಟಿ 14 ಲಕ್ಷ. ಇಲ್ಲಿ ಎರಡು ತಪ್ಪು ಕಲ್ಪನೆಗಳು ಸಾಮಾನ್ಯ. ಮಿತಿ ಇರುವುದು ಊರಿನ ಒಟ್ಟು ತೆರಿಗೆಯ ಮೇಲೆ, ಒಂದೊಂದು ಮನೆಯ ಬಿಲ್ಲಿನ ಮೇಲಲ್ಲ. ಊರಿನ ಉಳಿದ ಆಸ್ತಿಗಳಿಗಿಂತ ಬೇಗ ಬೆಲೆ ಏರಿದ ಮನೆಯ ಬಿಲ್ ಶೇ 2.5ಕ್ಕಿಂತ ಹೆಚ್ಚೇ ಏರಬಹುದು. ಇನ್ನು, ಮನೆಗಳ ಬೆಲೆ ಏರಿದ ಮಾತ್ರಕ್ಕೆ ಪಟ್ಟಣದ ಬೊಕ್ಕಸ ತುಂಬುವುದಿಲ್ಲ. ಒಟ್ಟು ಮೊತ್ತಕ್ಕೆ ಮಿತಿ ಇರುವುದರಿಂದ ಮೌಲ್ಯ ಏರಿದಂತೆ ತೆರಿಗೆಯ ದರ ಇಳಿಯುತ್ತದೆ.

ಮಿತಿ ದಾಟುವ ದಾರಿಗಳು ಮುಖ್ಯವಾಗಿ ಎರಡು. ಓವರ್‌ರೈಡ್ ಗೆದ್ದರೆ ಆ ಮೊತ್ತ ಮಿತಿಯೊಳಗೆ ಶಾಶ್ವತವಾಗಿ ಸೇರಿ, ಮುಂದಿನ ವರ್ಷಗಳಲ್ಲಿ ಅದರ ಮೇಲೂ ಶೇ 2.5ರ ಏರಿಕೆ ಕೂಡುತ್ತ ಹೋಗುತ್ತದೆ. ಡೆಟ್ ಎಕ್ಸ್‌ಕ್ಲೂಷನ್ ಎಂಬ ಇನ್ನೊಂದು ದಾರಿ ಶಾಲಾ ಕಟ್ಟಡ, ಅಗ್ನಿಶಾಮಕ ಠಾಣೆಗಳಂಥ ಕಾಮಗಾರಿಗೆ ಮಾಡಿದ ಸಾಲದ ಕಂತಿಗೆ ಮಾತ್ರ ಅನ್ವಯಿಸುತ್ತದೆ; ಸಾಲ ತೀರಿದೊಡನೆ ಆ ತೆರಿಗೆಯೂ ಮುಗಿಯುತ್ತದೆ. ಪಟ್ಟಣದ ಆಡಳಿತ ನಡೆಸುವ ಸೆಲೆಕ್ಟ್ ಬೋರ್ಡ್ ಸರಳ ಬಹುಮತದಿಂದ ಓವರ್‌ರೈಡ್ ಪ್ರಶ್ನೆಯನ್ನು ಮತಪತ್ರದಲ್ಲಿ ಇಡಬಹುದು. ಡೆಟ್ ಎಕ್ಸ್‌ಕ್ಲೂಷನ್‌ಗೆ ಬೋರ್ಡಿನ ಮೂರನೇ ಎರಡರಷ್ಟು ಸದಸ್ಯರ ಬೆಂಬಲ ಬೇಕು. ಮತಗಟ್ಟೆಯಲ್ಲಿ ಎರಡಕ್ಕೂ ಸರಳ ಬಹುಮತವೇ ಸಾಕು. ಮಿತಿಯನ್ನು ಇಳಿಸುವ ಅಂಡರ್‌ರೈಡ್ ಎಂಬ ಮತದಾನಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಮತಪೆಟ್ಟಿಗೆ ಕೊಡುವುದು ತೆರಿಗೆ ಎತ್ತುವ ಅನುಮತಿಯನ್ನು ಮಾತ್ರ. ಹಣ ಖರ್ಚು ಮಾಡಲು ಮಂಜೂರಾತಿ ಕೊಡುವುದು ಟೌನ್ ಮೀಟಿಂಗ್, ಅಂದರೆ ಊರಿನ ಮತದಾರರೇ ಅಥವಾ ಅವರು ಆರಿಸಿದ ಪ್ರತಿನಿಧಿಗಳು ಕೂಡಿ ಬಜೆಟ್ ಅಂಗೀಕರಿಸುವ ಸಭೆ. ಒಂದು ಕಡೆ ಗೆದ್ದ ಪ್ರಸ್ತಾವ ಇನ್ನೊಂದು ಕಡೆ ಬಿದ್ದರೆ ಕೆಲಸ ನಿಲ್ಲುತ್ತದೆ. ಮತಪತ್ರದಲ್ಲಿ ನಮೂದಿಸಿದ ಉದ್ದೇಶಕ್ಕೆ ಹಣ ಕಟ್ಟುಬೀಳುವುದೂ ಮೊದಲ ವರ್ಷಕ್ಕೆ ಮಾತ್ರ. ಆಮೇಲೆ ಅದು ಪಟ್ಟಣದ ಸಾಮಾನ್ಯ ಆದಾಯದಲ್ಲಿ ಬೆರೆತುಹೋಗುತ್ತದೆ.

ಈ ವ್ಯವಸ್ಥೆಯ ಮೂಲ ದೋಷ ಚಕ್ರಬಡ್ಡಿಯ ಲೆಕ್ಕದಲ್ಲಿದೆ. ಪಟ್ಟಣದ ಖರ್ಚಿನ ಬಹುಭಾಗ ಸಂಬಳ, ನೌಕರರ ಆರೋಗ್ಯ ವಿಮೆ, ಪಿಂಚಣಿ ಮತ್ತು ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣಕ್ಕೆ ಹೋಗುತ್ತದೆ. ಆರೋಗ್ಯ ವಿಮೆಯ ಬೆಲೆಯನ್ನು ಊರು ನಿಯಂತ್ರಿಸಲಾರದು. ವಿಶೇಷ ಶಿಕ್ಷಣ ಕಾನೂನಿನ ಕಡ್ಡಾಯ. ಒಂದು ಊರಿನ ಆದಾಯ ಹೊಸ ಕಟ್ಟಡಗಳ ತೆರಿಗೆಯೂ ಸೇರಿ ವರ್ಷಕ್ಕೆ ಶೇ 3.5ರಂತೆ, ಖರ್ಚು ಶೇ 4ರಂತೆ ಬೆಳೆಯುತ್ತದೆ ಎಂದುಕೊಳ್ಳೋಣ. ಇಂದು ಎರಡೂ 100 ಇದ್ದರೆ ಹತ್ತು ವರ್ಷದ ಹೊತ್ತಿಗೆ ಆದಾಯ 141, ಖರ್ಚು 148. ಯಾರೂ ದುಂದು ಮಾಡಿಲ್ಲ, ಹೊಸ ಸೇವೆ ಯಾವುದನ್ನೂ ಆರಂಭಿಸಿಲ್ಲ. ಆದರೂ ಬಜೆಟ್‌ನಲ್ಲಿ ಕೊರತೆ ಬಿದ್ದಿದೆ. ಹಾಗಾಗಿ ಓವರ್‌ರೈಡ್ ಮತಪತ್ರ ‘ಹೆಚ್ಚು ತೆರಿಗೆ ಬೇಕೇ’ ಎಂದು ಕೇಳಿದಂತೆ ಕಂಡರೂ ಹಲವು ಸಲ ಅದರ ನಿಜವಾದ ಪ್ರಶ್ನೆ ‘ಈಗಿರುವ ಸೇವೆ ಉಳಿಯಬೇಕೇ’ ಎಂಬುದೇ ಆಗಿರುತ್ತದೆ. ಬೇಡ ಎಂದವರು ಇದ್ದದ್ದು ಇದ್ದಹಾಗೆ ಇರಲಿ ಎಂದುಕೊಂಡು ಮತ ಹಾಕಿರಬಹುದು, ಆದರೆ ಅವರ ಮತದ ಫಲ ಸೇವೆಯ ಕಡಿತ. ಕಡಿತದ ಪರಿಣಾಮ ಒಮ್ಮೊಮ್ಮೆ ಊರಿನ ಗಡಿಯನ್ನೂ ದಾಟುತ್ತದೆ. ಗ್ರಂಥಾಲಯದ ಅನುದಾನ ರಾಜ್ಯ ನಿಗದಿಪಡಿಸಿದ ಮಟ್ಟಕ್ಕಿಂತ ಇಳಿದರೆ ಆ ಗ್ರಂಥಾಲಯ ರಾಜ್ಯದ ಮಾನ್ಯತೆ ಕಳೆದುಕೊಳ್ಳಬಹುದು. ಆಗ ಆ ಊರಿನವರಿಗೆ ಪುಸ್ತಕ ಕೊಡಲು ನೆರೆಯೂರಿನ ಗ್ರಂಥಾಲಯಗಳೂ ನಿರಾಕರಿಸಬಹುದು.

ಮತದಾರರು ನಡೆದುಕೊಂಡ ರೀತಿಯೂ ಇದನ್ನೇ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ನ್ಯೂಟನ್ ನಗರದ ಮತಪತ್ರದಲ್ಲಿ ಮೂರು ಪ್ರಶ್ನೆಗಳಿದ್ದವು. ಎರಡು ಶಾಲಾ ಕಟ್ಟಡಗಳಿಗಾಗಿ ಕೇಳಿದ ಡೆಟ್ ಎಕ್ಸ್‌ಕ್ಲೂಷನ್‌ಗಳು ಗೆದ್ದವು. ದಿನನಿತ್ಯದ ಖರ್ಚಿಗಾಗಿ ಕೇಳಿದ ಸುಮಾರು 92 ಲಕ್ಷ ಡಾಲರಿನ ಓವರ್‌ರೈಡ್ ಸೋತಿತು. ಕಣ್ಣಿಗೆ ಕಾಣುವ, ಕೊನೆ ಗೊತ್ತಿರುವ ಕಟ್ಟಡದ ಸಾಲಕ್ಕೆ ಒಪ್ಪುವ ಮತದಾರ ಕೊನೆಯಿಲ್ಲದ ಸಂಬಳದ ಖರ್ಚಿಗೆ ಹಿಂಜರಿಯುತ್ತಾನೆ. ಶಾಲೆ ನಡೆಯುವುದು ಮಾತ್ರ ಎರಡರಿಂದಲೂ. ಬೆಲ್‌ಮಾಂಟ್ ಪಟ್ಟಣದಲ್ಲಿ 2021ರಲ್ಲಿ 64 ಲಕ್ಷ ಡಾಲರಿನ ಓವರ್‌ರೈಡ್ ಸೋತಿತ್ತು. ಮೂರು ವರ್ಷ ಕಳೆದು 2024ರಲ್ಲಿ ಅದೇ ಊರು 84 ಲಕ್ಷ ಡಾಲರಿಗೆ ಒಪ್ಪಿತು. ನಿರಾಕರಣೆ ಕೊರತೆಯನ್ನು ಅಳಿಸಲಿಲ್ಲ, ಮುಂದೂಡಿತಷ್ಟೆ. ಇದಕ್ಕೆ ಪ್ರತಿಯಾಗಿ ಆರ್ಲಿಂಗ್ಟನ್ ಪಟ್ಟಣ 2011ರಲ್ಲಿ ಸುಮಾರು 65 ಲಕ್ಷ ಡಾಲರಿನ ಓವರ್‌ರೈಡ್ ಕೇಳುವಾಗ ಹಲವು ವರ್ಷಗಳ ಹಣಕಾಸು ಯೋಜನೆಯನ್ನು ಜನರ ಮುಂದಿಟ್ಟು, ಖರ್ಚಿನ ಬೆಳವಣಿಗೆಗೆ ಕಡಿವಾಣ ಹಾಕುವುದಾಗಿಯೂ ಮೂರು ವರ್ಷ ಮತ್ತೆ ಕೇಳುವುದಿಲ್ಲವೆಂದೂ ಮಾತು ಕೊಟ್ಟಿತು. ಆ ಹಣ ಎಂಟು ವರ್ಷ ಬಾಳಿತು. 2019ರಲ್ಲೂ 2023ರಲ್ಲೂ ಮತದಾರರು ಮತ್ತೆ ಒಪ್ಪಿಗೆ ಕೊಟ್ಟರು. ಇಲ್ಲಿ ಗೆಲುವು ತಂದದ್ದು ಆಡಳಿತ ಲೆಕ್ಕ ಕೊಟ್ಟು ಸಂಪಾದಿಸಿದ ನಂಬಿಕೆ.

ಮಿತಿಯ ಸಮರ್ಥಕರ ಮೊದಲ ವಾದ ಹೀಗಿದೆ: ಕಡಿವಾಣವಿಲ್ಲದಿದ್ದರೆ ಆಡಳಿತಗಳು ಖರ್ಚು ಹಿಗ್ಗಿಸುತ್ತಲೇ ಹೋಗುತ್ತವೆ, 1980ಕ್ಕೆ ಮೊದಲು ಆದದ್ದೂ ಅದೇ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಡೇವಿಡ್ ಕಟ್ಲರ್, ಡಗ್ಲಸ್ ಎಲ್ಮೆಂಡಾರ್ಫ್, ರಿಚರ್ಡ್ ಜೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಆಡಳಿತದ ಮೇಲೆ ಕಣ್ಣಿಡಲು ಆಗುತ್ತಿಲ್ಲವೆಂಬ ಅಸಮಾಧಾನ ಮತದಾರರಲ್ಲಿ ನಿಜವಾಗಿಯೂ ಇತ್ತು. ಆದರೆ ಅದೇ ಅಧ್ಯಯನ ಇನ್ನೆರಡು ವಿಷಯಗಳನ್ನೂ ಕಂಡುಕೊಂಡಿತು. 1980ರ ದಶಕದಲ್ಲಿ ಮಿತಿ ಅಷ್ಟಾಗಿ ಬಿಗಿಯಲಿಲ್ಲ. ಕಾಯ್ದೆಯ ತಿದ್ದುಪಡಿಗಳು ಮತ್ತು ಚೇತರಿಸಿದ ಆರ್ಥಿಕತೆಯಿಂದಾಗಿ ತೆರಿಗೆಯೂ ರಾಜ್ಯದ ನೆರವೂ ನಿರೀಕ್ಷೆಗಿಂತ ಹೆಚ್ಚು ಬಂದವು. 1990ರ ಸುಮಾರಿನ ಹಿಂಜರಿತ ಬಂದಾಗ ಮಾತ್ರ ಪೆಟ್ಟು ಜೋರಾಗಿ ಬಿತ್ತು. ಆಗ ಮತದಾರರೇ ಓವರ್‌ರೈಡ್ ಮೂಲಕ ಮಿತಿ ಮೀರಿ ಗಣನೀಯ ಮೊತ್ತಕ್ಕೆ ಒಪ್ಪಿದರು. ಕ್ಯಾಥರಿನ್ ಬ್ರಾಡ್ಬರಿ, ಕ್ರಿಸ್ಟೋಫರ್ ಮೇಯರ್, ಕಾರ್ಲ್ ಕೇಸ್ ಅವರ 2001ರ ಅಧ್ಯಯನ, ಮಿತಿಯ ನಡುವೆಯೂ ಶಾಲಾ ಖರ್ಚು ಹೆಚ್ಚಿಸಲು ಶಕ್ತವಾದ ಊರುಗಳಲ್ಲಿ ಮನೆಗಳ ಬೆಲೆ ಏರಿದ್ದನ್ನು ತೋರಿಸಿತು. ಆ ಖರ್ಚು ವ್ಯರ್ಥವೆಂದು ಕಂಡಿದ್ದರೆ ಮನೆ ಕೊಳ್ಳುವವರು ಅದಕ್ಕೆ ಬೆಲೆ ತೆರುತ್ತಿರಲಿಲ್ಲ. ದುಂದಿಗೆ ತಡೆ ಬೇಕು ನಿಜ. ಆದರೆ ದುಂದನ್ನೂ ಅಗತ್ಯವನ್ನೂ ಬೇರ್ಪಡಿಸುವ ಶಕ್ತಿ ಒಂದು ಸ್ಥಿರ ಅಂಕಿಗಿಲ್ಲ.

ಎರಡನೆಯ ವಾದ ವೃದ್ಧರದು. ಮನೆಯ ಬೆಲೆ ದೊಡ್ಡದು, ಪಿಂಚಣಿ ಚಿಕ್ಕದು ಎಂಬ ಸ್ಥಿತಿಯಲ್ಲಿರುವವರಿಗೆ ಪ್ರತಿ ಓವರ್‌ರೈಡ್ ನಿಜವಾದ ಹೊರೆ. ಆಸ್ತಿ ತೆರಿಗೆ ಆದಾಯವನ್ನು ನೋಡದೆ ಆಸ್ತಿಯನ್ನಷ್ಟೇ ನೋಡುವುದರಿಂದ ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಬ್ಬರ ಕಷ್ಟಕ್ಕೆ ಇಡೀ ಊರಿನ ಆದಾಯವನ್ನು ಬಿಗಿಯುವುದು ಪರಿಹಾರವಲ್ಲ, ಕಷ್ಟವಿರುವವರ ಬಿಲ್ ಇಳಿಸುವುದು ಪರಿಹಾರ. ಅದಕ್ಕೆ ಬೇಕಾದ ಸಾಧನಗಳು ರಾಜ್ಯದಲ್ಲಿವೆ. 65 ದಾಟಿದ, ಆದಾಯ ಕಡಿಮೆಯಿರುವವರಿಗೆ ರಾಜ್ಯದ ಆದಾಯ ತೆರಿಗೆಯಲ್ಲಿ ಸರ್ಕಿಟ್ ಬ್ರೇಕರ್ ಎಂಬ ರಿಯಾಯಿತಿಯಿದೆ. ಅರ್ಹ ವೃದ್ಧರು ತೆರಿಗೆಯನ್ನು ಮುಂದೂಡಬಹುದು. ಪಟ್ಟಣಕ್ಕೆ ಕೆಲಸ ಮಾಡಿಕೊಟ್ಟು ಬಿಲ್ ತಗ್ಗಿಸಿಕೊಳ್ಳುವ ಯೋಜನೆಗಳೂ ಹಲವು ಊರುಗಳಲ್ಲಿವೆ. ಸಡ್ಬರಿ ಪಟ್ಟಣ ವಿಶೇಷ ಶಾಸನದ ಮೂಲಕ ಆದಾಯ ನೋಡಿ ವೃದ್ಧರಿಗೆ ವಿನಾಯಿತಿ ಕೊಡುವ ಪದ್ಧತಿ ತಂದಿತು.

ಮೂರನೆಯ ಆಕ್ಷೇಪ ಬರುವುದು ಎದುರು ಪಕ್ಷದಿಂದ, ಅದೇ ಹೆಚ್ಚು ಗಂಭೀರ. ಓವರ್‌ರೈಡ್ ಕೇಳಿ ಗೆಲ್ಲುವುದು ಹೆಚ್ಚಾಗಿ ಅನುಕೂಲಸ್ಥ ಉಪನಗರಗಳು. ಬಡ ಕೈಗಾರಿಕಾ ನಗರಗಳಲ್ಲಿ ಪ್ರಶ್ನೆ ಮತಪತ್ರಕ್ಕೆ ಬರುವುದೇ ಅಪರೂಪ. 2010ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡ್‌ನಂಥ ನಗರ ಆಸ್ತಿ ಮೌಲ್ಯ ಕುಸಿದು ಪರಮಾವಧಿಯನ್ನೇ ಮುಟ್ಟಿತ್ತು. ಅಲ್ಲಿ ಓವರ್‌ರೈಡ್‌ಗೆ ಜಾಗವೇ ಇರಲಿಲ್ಲ. 1993ರ ಶಿಕ್ಷಣ ಸುಧಾರಣಾ ಕಾಯ್ದೆಯಡಿ ರಾಜ್ಯ ಕೊಡುವ ನೆರವು ಬಡ ಊರುಗಳ ಕಡೆ ವಾಲಿ ಈ ಅಂತರವನ್ನು ಸ್ವಲ್ಪ ತುಂಬುತ್ತದೆ. ಮತ ಹಾಕುವವರು ಯಾರೆಂಬ ಪ್ರಶ್ನೆಯೂ ಇದೆ. ಬಹಳಷ್ಟು ಊರುಗಳಲ್ಲಿ ಮತದಾನ ನಡೆಯುವುದು ವಸಂತದ ಸ್ಥಳೀಯ ಚುನಾವಣೆಯಲ್ಲಿ, ಬರುವ ಮತದಾರರು ಕಡಿಮೆ. ಒಳ್ಳೆಯ ಶಾಲೆಗಳನ್ನು ನೋಡಿ ಬಾಸ್ಟನ್ ಸುತ್ತಲಿನ ಪಟ್ಟಣಗಳಲ್ಲಿ ಮನೆ ಮಾಡಿರುವ ಭಾರತೀಯ ಕುಟುಂಬಗಳಲ್ಲಿ ಕನ್ನಡಿಗರೂ ಇದ್ದಾರೆ. ಎಚ್-1ಬಿ ವೀಸಾದಲ್ಲಿರುವವರೂ ಗ್ರೀನ್ ಕಾರ್ಡ್ ಹೊಂದಿದವರೂ ಮನೆ ಕೊಂಡರೆ ತೆರಿಗೆಯನ್ನು ಪೂರ್ತಿ ಕಟ್ಟುತ್ತಾರೆ, ಅವರ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ. ಪೌರತ್ವ ಸಿಗುವವರೆಗೆ ಓವರ್‌ರೈಡ್‌ನಲ್ಲಿ ಅವರಿಗೆ ಮತವಿಲ್ಲ. ತೆರಿಗೆ ಕೊಡುವವನೇ ತೀರ್ಮಾನಿಸುತ್ತಾನೆ ಎಂಬ ಹೊಗಳಿಕೆ ಇಲ್ಲಿ ಪೂರ್ತಿ ನಿಜವಲ್ಲ.

ಒಟ್ಟಿನಲ್ಲಿ ಪ್ರಪೊಸಿಷನ್ 2½ ಪಟ್ಟಣಗಳ ಆಡಳಿತಕ್ಕೆ ಲೆಕ್ಕ ಒಪ್ಪಿಸುವ ಅಭ್ಯಾಸವನ್ನು ಕಲಿಸಿದೆ. ಅದು ಸಣ್ಣ ಸಾಧನೆಯಲ್ಲ, ಅದನ್ನು ಬಿಟ್ಟುಕೊಡಲೂಬಾರದು. ವಾರ್ಷಿಕ ಏರಿಕೆಯನ್ನು ಬೆಲೆಯೇರಿಕೆಯೊಂದಿಗೆ ಜೋಡಿಸಿ, ಅದಕ್ಕೂ ಮೀರಿದ್ದಕ್ಕೆ ಮಾತ್ರ ಜನರ ಒಪ್ಪಿಗೆ ಕೇಳುವಂತೆ ಮಾಡಿದರೆ ಮತಪತ್ರದಲ್ಲಿ ಉಳಿಯುವುದು ನಿಜವಾದ ಆಯ್ಕೆಯ ಪ್ರಶ್ನೆ: ಊರು ಹೊಸದಾಗಿ ಏನನ್ನು ಬಯಸುತ್ತದೆ, ಅದಕ್ಕೆ ಎಷ್ಟು ಕೊಡಲು ಸಿದ್ಧವಿದೆ. ಹಾಗೆ ಮಾಡದಿದ್ದರೆ ಪಟ್ಟಣಗಳು ಕೆಲವು ವರ್ಷಗಳಿಗೊಮ್ಮೆ ಇದ್ದ ಸೇವೆಯನ್ನು ಉಳಿಸಿಕೊಳ್ಳಲಿಕ್ಕಾಗಿಯೇ ಚುನಾವಣೆ ನಡೆಸುತ್ತಿರಬೇಕಾಗುತ್ತದೆ. 1980ರಲ್ಲಿ ನಿಗದಿಯಾದ ಶೇ 2.5ರ ಅಂಕಿ ಇಂದಿಗೂ ಬದಲಾಗಿಲ್ಲ.