ಕನ್ನಡಿ ಹಂಚಿನ ಬೆಳಕು

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿಯನ್ನು ನೋಡದೆ ಹೋಗುವುದಿಲ್ಲ. 1430ರಲ್ಲಿ ಕಟ್ಟಲು ತೊಡಗಿದ ಆ ಬಸದಿಯ ಹೊರ ಮಂಟಪದಲ್ಲಿ ಬೆಳಕು ಧಾರಾಳ. ಒಳಗೊಳಗೆ ಹೋದಂತೆ ಅದು ಇಳಿಯುತ್ತ, ಚಂದ್ರನಾಥ ಸ್ವಾಮಿಯ ಮುಂದೆ ನಿಲ್ಲುವಾಗ ದೀಪದ ಬೆಳಕೇ ಮುಖ್ಯವಾಗುತ್ತದೆ. ಗರ್ಭಗೃಹಕ್ಕೆ ಆ ಕತ್ತಲು ಒಪ್ಪುತ್ತದೆ. ಅದೇ ಊರಿನ ಮನೆಗಳ ಅಡುಗೆಕೋಣೆಯಲ್ಲಿದ್ದ ಕತ್ತಲನ್ನು ಮಾತ್ರ ಯಾರೂ ಬಯಸಿದ್ದಲ್ಲ. ಅದನ್ನು ಸ್ವಲ್ಪವಾದರೂ ನೀಗಿಸಿದ್ದು ಗಾಜಿನ ಹಂಚು. ನಮ್ಮಲ್ಲಿ ಅದು ಕನ್ನಡಿ ಹಂಚು.

ಕರಾವಳಿಯ ಮನೆ ಮೊದಲು ಮಳೆಗೆ ಉತ್ತರ ಹೇಳಬೇಕು. ಹಾಗಾಗಿ ಮಾಡು ಕಡಿದಾಗಿ ಇಳಿಯುತ್ತದೆ, ಗೋಡೆ ನೆನೆಯದಂತೆ ಜಗಲಿಯಾಚೆಗೂ ಚಾಚುತ್ತದೆ. ಗೋಡೆ ದಪ್ಪ, ಕಿಟಕಿ ಸಣ್ಣದು. ಮುಳಿಹುಲ್ಲಿನ ಮಾಡಿನಲ್ಲಿ ಬೆಳಕಿಗೆಂದು ಕಿಂಡಿ ಬಿಟ್ಟರೆ ಬೆಳಕಿಗಿಂತ ಮೊದಲು ನೀರೇ ಒಳಗೆ ಬರುತ್ತಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದನ್ನು ನಿಲ್ಲಿಸಿದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿಯ ದಡದ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು ತೆಗೆದ ಈ ಹಂಚುಗಳ ಅಂಚಿನಲ್ಲಿ ಗಾಡಿಗಳಿದ್ದವು. ಒಂದರ ಗಾಡಿಯಲ್ಲಿ ಇನ್ನೊಂದರ ಅಂಚು ಕೂರುತ್ತಿತ್ತು. ಕೈಯಲ್ಲಿ ಮಾಡಿದ ಹಂಚಿಗೆ ಒಂದೇ ಅಳತೆ ಇರುವುದಿಲ್ಲ. ಅಚ್ಚಿನ ಹಂಚಿಗೆ ಇತ್ತು. ಅಳತೆ ಒಂದೇ ಎಂದಾದ ಮೇಲೆ ಅದೇ ಆಕಾರವನ್ನು ಗಾಜಿನಲ್ಲಿಯೂ ಎರಕ ಹೊಯ್ಯಬಹುದು. ಮಾಡಿನ ಯಾವ ಜಾಗದಲ್ಲಾದರೂ ಒಂದು ಮಣ್ಣಿನ ಹಂಚು ತೆಗೆದು ಗಾಜಿನದನ್ನು ಕೂರಿಸಿದರೆ ಮುಗಿಯಿತು. ಪಕ್ಕಾಸು, ರೀಪು ಏನನ್ನೂ ಮುಟ್ಟಬೇಕಾಗಿಲ್ಲ. ನೀರು ಸೋರದೆ ಬೆಳಕು ಇಳಿಯಿತು.

ನಮ್ಮ ನಾಡಿನ ಗಾಜಿನ ಚರಿತ್ರೆ ಎಂದರೆ ಬೇರೆ ಹೆಸರುಗಳೇ ಮೊದಲು ಬರುತ್ತವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರ ಗಾಜಿನ ಮನೆಯಿದೆ. ಮೈಸೂರಿನಲ್ಲಿ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ 1912ರ ಹೊತ್ತಿಗೆ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪವಿದೆ. ಅದರ ನೆತ್ತಿಯ ಮೇಲೆ ಗ್ಲಾಸ್ಗೋದಲ್ಲಿ ತಯಾರಾದ ಬಣ್ಣದ ಗಾಜಿನ ನವಿಲುಗಳು. ಅಲ್ಲಿ ಜನ ತಲೆಯೆತ್ತಿ ಗಾಜನ್ನೇ ನೋಡುತ್ತಾರೆ. ಕನ್ನಡಿ ಹಂಚನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ನೋಡುವುದು ಅದು ನೆಲಕ್ಕೆ ಇಳಿಸಿದ ಬಿಸಿಲನ್ನು.

ಆದರೂ ಅದು ಅಲಂಕಾರವಲ್ಲ ಎನ್ನಲು ನನಗೆ ಮನಸ್ಸಿಲ್ಲ. ಮರಳಿನಲ್ಲಿ ಸೇರಿಕೊಂಡ ಕಬ್ಬಿಣದ ಅಂಶದಿಂದ ದಪ್ಪ ಗಾಜಿಗೆ ತಿಳಿಹಸಿರು ಛಾಯೆ ಬರುತ್ತದೆ. ನಮ್ಮ ಅಜ್ಜಿಮನೆಯ ಅಡುಗೆಕೋಣೆಯಲ್ಲಿ ಅಂಥ ಎರಡು ಹಂಚುಗಳಿದ್ದವು. ಒಲೆಯ ಹೊಗೆ ಏಳುವಾಗ ಬಿಸಿಲಿನ ಕೋಲು ಕೈಯಲ್ಲಿ ಹಿಡಿಯಬಹುದು ಎನ್ನುವಂತೆ ಕಾಣುತ್ತಿತ್ತು. ಅದು ಅಜ್ಜಿಯ ಗಡಿಯಾರವೂ ಹೌದು. "ಬಿಸಿಲು ಕಡೆಯುವ ಕಲ್ಲಿನ ಹತ್ತಿರ ಬಂತು ಮಗಾ, ಅಕ್ಕಿ ತೊಳೆ" ಎನ್ನುತ್ತಿದ್ದರು. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸಲು ಬಂದವರಿಂದ ಆ ಎರಡು ಹಂಚುಗಳ ಮಸಿ ಒರೆಸಿಸುವುದು ಅವರ ಕಟ್ಟುನಿಟ್ಟಾದ ಪದ್ಧತಿ.

ಎರಡು ವರ್ಷದ ಹಿಂದೆ ಮಾವ ಆ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಹಳೆಯ ಮನೆಗಳ ಬಗ್ಗೆ ಸಂಶೋಧನೆ ಮಾಡುವ ನಾನು ಬೇಡವೆಂದೆ. "ನೀನು ವರ್ಷಕ್ಕೆ ನಾಲ್ಕು ದಿನ ಬರುವವಳು. ಮಾಡಿಗೆ ಹತ್ತುವ ಜನ ಎಲ್ಲಿದ್ದಾರೆ, ಹೇಳು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ಮನೆಯ ಚಾವಡಿಗೂ ದೇವರ ಕೋಣೆಗೂ ನಡುವೆ ಹೂಬಳ್ಳಿ ಕೊರೆದ ಗಾಜಿದೆ, ಮೆಟ್ಟಿಲಿಗೆ ಗಾಜಿನ ತಡೆಯಿದೆ. ಅಜ್ಜಿಯ ಮನೆಯಲ್ಲಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಜು. ಅಡುಗೆಕೋಣೆಯಲ್ಲಿ ಮಾತ್ರ ಹಗಲಿಗೂ ಲೈಟು ಹಾಕಬೇಕು.

ಬಸದಿಯ ಕಂಬಗಳನ್ನು ಲೆಕ್ಕವಿಟ್ಟು ಕಾಯುತ್ತೇವೆ, ಕಾಯಲೇಬೇಕು. ಆದರೆ ನೂರಾರು ಹೆಂಗಸರು ದಿನದ ಬಹುಪಾಲು ಕಳೆದ ಕೋಣೆಗೆ ಬೆಳಕು ಬಂದದ್ದೂ ಚರಿತ್ರೆಯೇ. ಮನೆ ಕೆಡವಿದ ದಿನ ಮಣ್ಣಿನ ಹಂಚುಗಳೆಲ್ಲ ಲಾರಿ ಹತ್ತಿದವು. ಗಾಜಿನ ಹಂಚಿನಲ್ಲಿ ಒಂದು ಒಡೆಯಿತು. ಇನ್ನೊಂದನ್ನು ಅಜ್ಜಿ ಸೀರೆಯಲ್ಲಿ ಸುತ್ತಿ ತಮ್ಮ ಮಂಚದಡಿ ಇಟ್ಟುಕೊಂಡಿದ್ದಾರೆ. ಯಾಕೆಂದು ಯಾರೂ ಕೇಳಿಲ್ಲ.