ಹೃದಯಸ್ನಾಯುವಿನ ಹಸಿವು: ಪರೇಲಿನ ಎರಡು ಸಾಹಸಗಳು

ಮುಂಬಯಿಯ ಪರೇಲ್‌ನಲ್ಲಿ 1926ರಲ್ಲಿ ಆರಂಭವಾದ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಹೊಂದಿಕೊಂಡ ಕೆ.ಇ.ಎಂ. ಆಸ್ಪತ್ರೆ, ಭಾರತೀಯ ವೈದ್ಯರೇ ಬೋಧಕರಾಗಿರಬೇಕೆಂಬ ದಾನಿಗಳ ಷರತ್ತಿನ ಮೇಲೆ ಹುಟ್ಟಿದ, ನಗರಪಾಲಿಕೆ ನಡೆಸುವ ಸಂಸ್ಥೆಗಳು. ಸುತ್ತಲಿನ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಆಸರೆಯಾಗಿದ್ದ ಈ ಆಸ್ಪತ್ರೆಯಲ್ಲಿ 1960ರ ದಶಕದಲ್ಲಿ ಹೃದಯಸ್ನಾಯುವಿನ ಬಗ್ಗೆ ನಡೆದ ಕೆಲಸವು ಭಾರತದ ವೈದ್ಯಕೀಯ ಇತಿಹಾಸದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸಾಲಿನಲ್ಲಿ, ದೇಶದ ಮೊದಲ ಹೃದಯ ಕಸಿ ಎಂದು, ಉಲ್ಲೇಖವಾಗಿ ಮುಗಿದುಹೋಗುತ್ತದೆ. ಆ ಕಸಿಗೂ ಮೂರು ವರ್ಷ ಮುಂಚೆ ಅಲ್ಲಿಯೇ ನಡೆದ ಇನ್ನೊಂದು ಪ್ರಯತ್ನ ಅದಕ್ಕಿಂತಲೂ ಸ್ವತಂತ್ರವಾದ ಚಿಂತನೆಯಿಂದ ಹುಟ್ಟಿದ್ದು, ಹೆಚ್ಚಿನ ಗಮನಕ್ಕೆ ಅರ್ಹವಾದದ್ದು.

ಅದನ್ನು ಅರಿಯಲು ಸ್ನಾಯುವಿನ ರಚನೆಯ ತುಸು ಪರಿಚಯ ಬೇಕು. ದೇಹದಲ್ಲಿ ಸ್ನಾಯು ಅಂಗಾಂಶ, ಅಂದರೆ ಸಂಕುಚಿಸುವ ಶಕ್ತಿಯುಳ್ಳ ಜೀವಕೋಶಗಳ ಸಮೂಹ, ಮೂರು ಬಗೆಯದು: ಮೂಳೆಗಳಿಗೆ ಅಂಟಿಕೊಂಡು ಇಚ್ಛೆಗೆ ಒಳಪಟ್ಟ ಪಟ್ಟೆಸ್ನಾಯು, ಕರುಳು, ರಕ್ತನಾಳಗಳ ಭಿತ್ತಿಯಲ್ಲಿದ್ದು ಇಚ್ಛೆಗೆ ಸಿಗದೆ ನಿಧಾನವಾಗಿ ಕೆಲಸ ಮಾಡುವ ನಯಸ್ನಾಯು, ಈ ಎರಡರ ಗುಣಗಳನ್ನೂ ಹೊತ್ತ ಹೃದಯಸ್ನಾಯು. ಹೃದಯದ ಕೋಶಗಳಲ್ಲಿ ಪಟ್ಟೆಗಳಿದ್ದರೂ ಅವು ಇಚ್ಛೆಯ ಮಾತು ಕೇಳುವುದಿಲ್ಲ. ಕವಲೊಡೆದು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದು ಕಡೆ ಹುಟ್ಟಿದ ವಿದ್ಯುತ್ ಸಂಚಲನ ಇಡೀ ಗೋಡೆಗೆ ಹರಡಿ, ಎಲ್ಲ ಕೋಶಗಳೂ ಕೂಡಿ ಸಂಕುಚಿಸುತ್ತವೆ. ಆ ಸಂಕುಚನದ ಬಗೆಯನ್ನು, ಅಂದರೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ತಾವು ಕುಗ್ಗದೆ ಒಂದರ ಮೇಲೊಂದು ಜಾರುವುದರಿಂದಲೇ ಸ್ನಾಯು ಗಿಡ್ಡವಾಗುತ್ತದೆ ಎಂಬುದನ್ನು, 1954ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟಿದ್ದವು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯಬೇಕಾದ ಹೃದಯಕ್ಕೆ ಈ ಕೆಲಸದಲ್ಲಿ ಬಿಡುವಿಲ್ಲ. ವಿಶ್ರಾಂತಿಯ ಹೊತ್ತಿನಲ್ಲಿ ಕೈಕಾಲಿನ ಸ್ನಾಯು ತನಗೆ ಬಂದ ರಕ್ತದ ಆಮ್ಲಜನಕದಲ್ಲಿ ಕಾಲುಭಾಗವನ್ನಷ್ಟೇ ಬಳಸಿಕೊಂಡರೆ ಹೃದಯಸ್ನಾಯು ಮುಕ್ಕಾಲುಭಾಗದಷ್ಟನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ದುಡಿಮೆ ಹೆಚ್ಚಿದಾಗ ಹೆಚ್ಚು ರಕ್ತ ಬಾರದೆ ಅದಕ್ಕೆ ಬೇರೆ ದಾರಿಯಿಲ್ಲ. ರಕ್ತವನ್ನೇ ತುಂಬಿಕೊಂಡಿದ್ದರೂ ಮನುಷ್ಯನ ಹೃದಯದ ದಟ್ಟವಾದ ಗೋಡೆ ಒಳಗಿನ ಆ ರಕ್ತದಿಂದ ಬದುಕಲಾರದು. ಹೊರಮೈಯಲ್ಲಿ ಹರಿಯುವ ಕೊರೊನರಿ ಅಪಧಮನಿಗಳೇ ಅದನ್ನು ಪೋಷಿಸಬೇಕು, ಅವು ಕಟ್ಟಿಕೊಂಡರೆ ಹೃದಯಾಘಾತವಾಗುತ್ತದೆ.

ಸರೀಸೃಪಗಳಲ್ಲಿ ಹೀಗಿಲ್ಲ. ಹಾವಿನ ಹೃತ್ಕುಕ್ಷಿ, ಅಂದರೆ ರಕ್ತವನ್ನು ಹೊರದೂಡುವ ಕೋಣೆ, ಬಹುಪಾಲು ಸ್ಪಂಜಿನಂತಿದ್ದು, ಒಳಗಿನ ರಕ್ತವೇ ಸ್ನಾಯುವಿನ ಸಂದುಗಳಿಗೆ ನುಗ್ಗಿ ಅದನ್ನು ನೇರವಾಗಿ ಪೋಷಿಸುತ್ತದೆ. ಕೆ.ಇ.ಎಂ.ನ ಶಸ್ತ್ರವೈದ್ಯ ಪ್ರಫುಲ್ಲ ಕುಮಾರ್ ಸೇನ್ ಅವರ ತಂಡ ಹಿಡಿದ ಎಳೆ ಇದೇ. ಕೊರೊನರಿ ಕಟ್ಟಿಹೋದ ನಾಯಿಯ ಹೃದಯದ ಗೋಡೆಯಲ್ಲಿ ಸೂಜಿಯಿಂದ ಸಣ್ಣ ರಂಧ್ರಗಳನ್ನು ಮಾಡಿದರೆ, ಒಳಗಿನ ರಕ್ತ ಹಾವಿನಲ್ಲಿ ಹರಿದಂತೆ ಸ್ನಾಯುವಿನೊಳಕ್ಕೆ ಹರಿಯಬಹುದೆಂದು ಅವರು ಪ್ರಯೋಗ ನಡೆಸಿ, 1965ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಾಂಟ್ರಿಯಲ್‌ನ ಆರ್ಥರ್ ವೈನ್‌ಬರ್ಗ್ 1946ರಿಂದ ಎದೆಯ ಅಪಧಮನಿಯನ್ನೇ ಹೃದಯಸ್ನಾಯುವಿನೊಳಗೆ ಹುದುಗಿಸುತ್ತಿದ್ದರು. ಹೊರಗಿನ ನಾಳವನ್ನು ತರುವ ಬದಲು ಹೃದಯ ಹೊತ್ತ ರಕ್ತವನ್ನೇ ಬಳಸಬಹುದೆಂಬ ಸೇನ್ ಅವರ ಯೋಚನೆ ಅದಕ್ಕಿಂತ ಬೇರೆ ದಿಕ್ಕಿನದು. 1967ರಲ್ಲಿ ಕ್ಲೀವ್‌ಲ್ಯಾಂಡ್‌ನ ರೆನೆ ಫವಾಲೊರೊ ಕಾಲಿನ ಅಭಿಧಮನಿಯಿಂದ ಬೈಪಾಸ್ ಮಾಡುವ ಕ್ರಮವನ್ನು ರೂಢಿಗೆ ತಂದ ಮೇಲೆ ಸೂಜಿಯ ದಾರಿ ಹಿಂದೆ ಬಿತ್ತು. ಮುಂದೆ 1980ರ ದಶಕದಲ್ಲಿ ಅಮೆರಿಕದಲ್ಲಿ ಮಹಮೂದ್ ಮೀರ್ಹೊಸೇನಿ ಸೂಜಿಯ ಬದಲು ಲೇಸರ್ ಹಿಡಿದರು, 1998ರಲ್ಲಿ ಅಲ್ಲಿನ ಸರ್ಕಾರವೂ ಆ ಚಿಕಿತ್ಸೆಗೆ ಒಪ್ಪಿಗೆ ನೀಡಿತು. ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ ಎಂದು ಆಮೇಲೆ ಕಂಡುಬಂದದ್ದರಿಂದ, ಚಿಕಿತ್ಸೆಯ ಬಳಿಕ ರೋಗಿಗಳ ಎದೆನೋವು ತಗ್ಗುವುದಕ್ಕೆ ಹೊಸ ನಾಳಗಳ ಹುಟ್ಟೋ ನರಗಳ ನಾಶವೋ ಕಾರಣವಿರಬೇಕೆಂಬ ಚರ್ಚೆ ಉಳಿದಿದೆ. ಹಾವಿನ ಹೃದಯದ ಹೋಲಿಕೆ ಮನುಷ್ಯನಿಗೆ ಪೂರ್ತಿ ಒಗ್ಗಲಿಲ್ಲವಾದರೂ, ಅದು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

ನಾಯಿಗಳ ಮೇಲೆ ವರ್ಷಗಟ್ಟಲೆ ಕಸಿ ಅಭ್ಯಾಸ ನಡೆಸಿದ್ದ ಸೇನ್ ಅವರ ಇದೇ ತಂಡ 1968ರ ಫೆಬ್ರವರಿ 16ರಂದು, ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಕಸಿ ಮಾಡಿ ಹನ್ನೊಂದು ವಾರ ಕಳೆಯುವುದರೊಳಗೆ, ಜಗತ್ತಿನ ಆರನೆಯ ಮಾನವ ಹೃದಯ ಕಸಿಯನ್ನು ಮಾಡಿತು. ರೋಗಿ ಬದುಕಿದ್ದು ಸುಮಾರು ಮೂರು ಗಂಟೆ. ಇಂಥ ಸಾವಿಗೆ ಹೃದಯದ ಬಲಭಾಗ ಕಾರಣವಾಗಬಲ್ಲದು: ಅಲ್ಲಿನ ಸ್ನಾಯು ತೆಳುವಾದದ್ದು, ಶ್ವಾಸಕೋಶದ ಕಡೆಯ ಕಡಿಮೆ ಒತ್ತಡಕ್ಕೆ ಒಗ್ಗಿಕೊಂಡದ್ದು. ದೀರ್ಘಕಾಲ ಹೃದಯ ಸೋತಿದ್ದ ರೋಗಿಯಲ್ಲಿ ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧ ಏರಿರುವಾಗ, ಆರೋಗ್ಯವಂತರಿಂದ ಬಂದ ಹೊಸ ಹೃದಯದ ಆ ತೆಳು ಗೋಡೆ ಒಮ್ಮೆಲೇ ಅಷ್ಟು ಭಾರವನ್ನು ತಳ್ಳಲಾರದು. ಅದೇ ವರ್ಷ ನಡೆದ ಎರಡನೆಯ ಕಸಿಯ ರೋಗಿಯೂ ಒಂದು ದಿನ ಉಳಿಯಲಿಲ್ಲ. ದಾನಿಯಿಂದ ಹೃದಯ ಪಡೆಯಲು ಬೇಕಾದ, ಮಿದುಳಿನ ಸಾವನ್ನು ಸಾವೆಂದು ಒಪ್ಪುವ ಕಾನೂನು ಆಗ ದೇಶದಲ್ಲಿರಲಿಲ್ಲ. ಅದು ಬಂದದ್ದು 1994ರಲ್ಲಿ. ಆ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಕಸಿ ಮಾಡಿತು.

ಮುಂಬಯಿ ಇನ್ನೂ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. ಹೊರತೆಗೆದ ಹೃದಯಸ್ನಾಯುವನ್ನು ತಣ್ಣಗಿಟ್ಟರೂ ಸುಮಾರು ನಾಲ್ಕು ಗಂಟೆಗಳೊಳಗೆ ಮತ್ತೆ ರಕ್ತ ಸಿಗದಿದ್ದರೆ ಅದರ ಕೋಶಗಳು ಉಳಿಯುವುದು ಕಷ್ಟವಾದ್ದರಿಂದ, ನಗರದ ವಾಹನದಟ್ಟಣೆಯೇ ಶಸ್ತ್ರಚಿಕಿತ್ಸೆಯ ಒಂದು ಭಾಗವಾಗಿಬಿಡುತ್ತದೆ. 2015ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ದಾನವಾಗಿ ದೊರೆತ ಹೃದಯವನ್ನು ವಿಮಾನದಲ್ಲಿ ತಂದು, ಪೊಲೀಸರು ತೆರವುಗೊಳಿಸಿದ ರಸ್ತೆಗಳ ಮೂಲಕ ಮುಲುಂಡ್‌ನ ಖಾಸಗಿ ಆಸ್ಪತ್ರೆಗೆ ಸಾಗಿಸಿ ಕಸಿ ಮಾಡಿದಾಗ ನಗರ ತನ್ನ ಮೊದಲ ಯಶಸ್ಸು ಕಂಡಿತು. ಪಾಲಿಕೆಯ ಕೆ.ಇ.ಎಂ.ನಲ್ಲಿ ಹೃದಯ ಕಸಿ ಮತ್ತೆ ನಡೆದದ್ದು 2024ರಲ್ಲಿ.