ಖಂಡ ಅಂದ್ರೆ ತುಂಡು

ಖಂಡಗಳು 7 ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆ ‘ಖಂಡ’ದ ಮೂಲ ಅರ್ಥ ತುಂಡು. ಮಾಂಸಖಂಡದಲ್ಲೂ ಅಖಂಡದಲ್ಲೂ ಇರೋದು ಅದೇ.

ಪುರಾಣದ ಭೂಗೋಳದಲ್ಲಿ ದೊಡ್ಡ ನೆಲಕ್ಕೆ ಹೆಸರು ದ್ವೀಪ. ಉಡುಪಿಯಲ್ಲಿ ಪೂಜೆಗೆ ಕೂತವರು ಇವತ್ತಿಗೂ ಸಂಕಲ್ಪದಲ್ಲಿ ಜಂಬೂದ್ವೀಪ, ಭರತವರ್ಷ, ಭರತಖಂಡ ಎಂದು ಇಳಿಯುತ್ತಾ ಪರಶುರಾಮ ಕ್ಷೇತ್ರಕ್ಕೆ ಬರುತ್ತಾರೆ. ಪಿನ್‌ಕೋಡ್ ಇಲ್ಲದ ವಿಳಾಸ ಅದು. ಅಲ್ಲಿ ಖಂಡ ಬರೀ ಒಂದು ಭಾಗ.

ಜೈನರ ಲೆಕ್ಕದಲ್ಲಿ ಭರತಕ್ಷೇತ್ರವೊಂದಕ್ಕೇ 6 ಖಂಡ. ಅಷ್ಟನ್ನೂ ಗೆದ್ದ ಭರತ ಚಕ್ರವರ್ತಿ ತಮ್ಮನೆದುರು ಸೋತ. ಗೆದ್ದ ತಮ್ಮ ಎಲ್ಲ ಬಿಟ್ಟು ನಡೆದ. 1432ರಲ್ಲಿ ವೀರಪಾಂಡ್ಯ ಕಾರ್ಕಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಆ ತಮ್ಮನನ್ನೇ, ಬಾಹುಬಲಿಯನ್ನು.

‘ಕಾಂಟಿನೆಂಟ್’ ಪದದ ಲ್ಯಾಟಿನ್ ಮೂಲ ಇದಕ್ಕೆ ಪೂರ್ತಿ ಉಲ್ಟಾ: ಕಡಿಯದೆ ಕೂಡಿಕೊಂಡ ನೆಲ. ಹಾಗೆ ನೋಡಿದರೆ ಯುರೋಪ್, ಏಷ್ಯಾ ಒಂದೇ ಆಗಬೇಕಿತ್ತು. ಉರಲ್ ಬೆಟ್ಟಸಾಲನ್ನೇ ಗಡಿ ಮಾಡಿ ಯುರೋಪಿಗೆ ಖಂಡದ ಪಟ್ಟ ಕೊಟ್ಟರು. ಅದಕ್ಕಿಂತ ಎತ್ತರದ ಹಿಮಾಲಯದ ಈಚೆಗಿರುವ ನಾವು ಮಾತ್ರ ಉಪಖಂಡ!

ನಿಜವಾಗಿ ತುಂಡಾದ ಗುರುತು ನೋಡಬೇಕಾ? ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮಡಗಾಸ್ಕರ್‌ನಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿ ಆರಿದ ಲಾವಾ. ಆಗ ಈ ನೆಲ ಏಷ್ಯಾಕ್ಕೆ ಅಂಟಿಯೇ ಇರಲಿಲ್ಲ, ನಡುವೆ ಸಮುದ್ರವಿತ್ತು. ‘ಉಪ’ ಸೇರಿದ್ದು ಆಮೇಲೆ, ನಕ್ಷೆಯಲ್ಲಿ.